ತೆರಪಿನ ವೇಳೆಯ ಪದವಿ

ಕನ್ನಡದಲ್ಲಿ ‘ತೆರಪು’ ಎಂಬುದೊಂದು ಹಳೆಯ ಮಾತು. ಎರಡು ವಸ್ತುಗಳ ನಡುವೆ ಉಳಿಯುವ ಜಾಗವೂ ತೆರಪೇ, ಎರಡು ಕೆಲಸಗಳ ನಡುವೆ ಸಿಗುವ ಬಿಡುವೂ ತೆರಪೇ. ಕಾಲೇಜಿಗೆ ಹೋಗಲಾಗದವರಿಗೆ ಮನೆಗೇ ಪಾಠ ಕಳುಹಿಸುವ ಪದ್ಧತಿ ಕರ್ನಾಟಕಕ್ಕೆ ಬಂದಾಗ ಅದಕ್ಕೆ ‘ಅಂಚೆ ತೆರಪಿನ ಶಿಕ್ಷಣ’ ಎಂಬ ಹೆಸರು ಬಳಕೆಯಾಯಿತು. ಪಾಠ ಬರುವ ದಾರಿ ಅಂಚೆ. ಅದನ್ನು ಓದುವ ವೇಳೆ ತೆರಪು. ಇಡೀ ವ್ಯವಸ್ಥೆ ಯಾವುದರ ಮೇಲೆ ನಿಂತಿದೆ ಎಂಬುದು ಆ ಹೆಸರಿನಲ್ಲೇ ಇತ್ತು.

ಈಗ ಅಂಚೆಯ ಜಾಗಕ್ಕೆ ಅಂತರಜಾಲ ಬಂದಿದೆ. ಬ್ಯಾಂಕಿನ ಗುಮಾಸ್ತ, ಗಾರ್ಮೆಂಟ್ಸ್ ಕಾರ್ಖಾನೆಯ ಮೇಲ್ವಿಚಾರಕಿ, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಪುಸ್ತಕ ಹಿಡಿದ ಗೃಹಿಣಿ, ಪಿಯುಸಿ ಮುಗಿಸಿದ ಯಾರು ಬೇಕಾದರೂ ಮೊಬೈಲ್ ಫೋನಿನಲ್ಲೇ ಪಾಠ ಕೇಳಿ ಬಿ.ಎ. ಅಥವಾ ಬಿ.ಕಾಂ. ಪದವೀಧರರಾಗಬಹುದು. ಆದರೂ ಸೇರಿದವರೆಲ್ಲ ದಡ ಮುಟ್ಟುವುದಿಲ್ಲ. ಮುಟ್ಟಿದವರ ಪದವಿಯನ್ನು ಎಲ್ಲರೂ ಒಂದೇ ಕಣ್ಣಿನಿಂದ ನೋಡುವುದೂ ಇಲ್ಲ. ಹೀಗೇಕೆ ಎಂದು ತಿಳಿಯಬೇಕಾದರೆ ದುಡಿಯುವವರ ಪದವಿ ನಡೆದುಬಂದ ದಾರಿಯನ್ನು ಒಮ್ಮೆ ನೋಡಬೇಕು.

ಪರೀಕ್ಷೆ ಉಂಟು, ಪಾಠವಿಲ್ಲ

ಬ್ರಿಟನ್ನಿನಲ್ಲಿ 1840ರಲ್ಲಿ ಒಂದು ಪೆನ್ನಿಗೆ ದೇಶದ ಯಾವ ಮೂಲೆಗಾದರೂ ಕಾಗದ ತಲುಪಿಸುವ ಅಂಚೆ ವ್ಯವಸ್ಥೆ ಜಾರಿಗೆ ಬಂತು. ಶೀಘ್ರಲಿಪಿಯನ್ನು ರೂಪಿಸಿದ ಐಸಾಕ್ ಪಿಟ್‌ಮನ್ ಅದೇ ವರ್ಷ ಈ ಅಗ್ಗದ ಅಂಚೆಯನ್ನು ಬಳಸಿಕೊಂಡು ಬಾತ್ ಊರಿನಿಂದ ಪಾಠ ಹೇಳತೊಡಗಿದರು. ವಿದ್ಯಾರ್ಥಿಗಳು ಬೈಬಲಿನ ಭಾಗಗಳನ್ನು ಶೀಘ್ರಲಿಪಿಯಲ್ಲಿ ಬರೆದು ಕಳುಹಿಸಬೇಕು. ಪಿಟ್‌ಮನ್ ಅದನ್ನು ತಿದ್ದಿ ಮರಳಿಸಬೇಕು. ದೂರಶಿಕ್ಷಣದ ಚರಿತ್ರೆಯಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡುವುದು ಪಾಠ ಅಂಚೆಯಲ್ಲಿ ಹೋಯಿತು ಎಂಬುದಕ್ಕಿಂತ, ತಿದ್ದಿದ ಉತ್ತರ ಅಂಚೆಯಲ್ಲಿ ವಾಪಸು ಬಂತು ಎಂಬುದಕ್ಕಾಗಿ.

ಪದವಿಯ ಬಾಗಿಲು ತೆರೆದದ್ದು ಲಂಡನ್ ವಿಶ್ವವಿದ್ಯಾನಿಲಯ. ಗೊತ್ತುಪಡಿಸಿದ ಕಾಲೇಜಿನಲ್ಲಿ ಓದಿದವರು ಮಾತ್ರ ಪರೀಕ್ಷೆಗೆ ಕೂರಬೇಕೆಂಬ ನಿಯಮವನ್ನು ಅದು 1858ರಲ್ಲಿ ಕೈಬಿಟ್ಟಿತು. ವೈದ್ಯಕೀಯದಂಥ ವಿಷಯಗಳನ್ನು ಬಿಟ್ಟರೆ, ಎಲ್ಲಿ ಹೇಗೆ ಕಲಿತರೂ ಸರಿ, ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಪದವಿ. 1878ರಲ್ಲಿ ಇದೇ ವಿಶ್ವವಿದ್ಯಾನಿಲಯ ಬ್ರಿಟನ್ನಿನಲ್ಲಿ ಮೊದಲ ಬಾರಿಗೆ ಮಹಿಳೆಯರಿಗೂ ಪದವಿ ಪರೀಕ್ಷೆಯ ಅವಕಾಶ ಕೊಟ್ಟಿತು. ದಕ್ಷಿಣ ಆಫ್ರಿಕಾದ ನೆಲ್ಸನ್ ಮಂಡೇಲಾ ಅವರು ರಾಬೆನ್ ದ್ವೀಪದ ಸೆರೆಮನೆಯಲ್ಲಿದ್ದಾಗ ಲಂಡನ್ನಿನ ಕಾನೂನು ಪದವಿಗೆ ಓದಿದ್ದು ಈ ಬಾಗಿಲಿನಿಂದಲೇ. ಅದು ಪೂರ್ತಿಯಾಗಲಿಲ್ಲ. ಕೊನೆಗೆ 1989ರಲ್ಲಿ, ಇನ್ನೂ ಸೆರೆಯಲ್ಲಿದ್ದಾಗಲೇ, ಅಂಚೆ ಶಿಕ್ಷಣಕ್ಕೆ ಹೆಸರಾದ ದಕ್ಷಿಣ ಆಫ್ರಿಕಾ ವಿಶ್ವವಿದ್ಯಾನಿಲಯದಿಂದ ಅವರು ಕಾನೂನು ಪದವಿ ಪಡೆದರು.

ಭಾರತದಲ್ಲಿ 1857ರಲ್ಲಿ ಹುಟ್ಟಿದ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾನಿಲಯಗಳಿಗೂ ಲಂಡನ್ನೇ ಮಾದರಿ. ಅವು ಆರಂಭದಲ್ಲಿ ಪಾಠ ಹೇಳುವ ಸಂಸ್ಥೆಗಳಾಗಿರದೆ ಪರೀಕ್ಷೆ ನಡೆಸುವ ಸಂಸ್ಥೆಗಳಾಗಿದ್ದವು. ಮುಂದೆ ಹಲವು ವಿಶ್ವವಿದ್ಯಾನಿಲಯಗಳಲ್ಲಿ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕೂರುವ ಅವಕಾಶ ಬಂತು. ಹಳೆಯ ತಲೆಮಾರಿನ ಎಷ್ಟೋ ಶಾಲಾ ಮಾಸ್ತರರು, ಗುಮಾಸ್ತರು ‘ಎಕ್ಸ್‌ಟರ್ನಲ್ ಆಗಿ ಕಟ್ಟಿ’ ಬಿ.ಎ., ಎಂ.ಎ. ಮಾಡಿಕೊಂಡದ್ದು ಹೀಗೆ. ಶುಲ್ಕ ಕಟ್ಟಿದರೆ ಪರೀಕ್ಷೆ. ಪಾಠ ಮಾತ್ರ ಅವರವರ ಪಾಡು. ಗೈಡುಗಳನ್ನು, ಹಳೆಯ ಪ್ರಶ್ನೆಪತ್ರಿಕೆಗಳನ್ನು ನಂಬಿಕೊಂಡು ಓದಬೇಕಾಗಿತ್ತು. ಗೆದ್ದವರು ಸ್ವಂತ ಛಲದಿಂದ ಗೆದ್ದರು. ಸೋತವರ ಲೆಕ್ಕವನ್ನು ಯಾರೂ ಇಡಲಿಲ್ಲ.

ಬಾನುಲಿಯಿಂದ ಬಂದ ಪಾಠ

ಪಾಠವಿಲ್ಲದ ಪರೀಕ್ಷೆಯ ಈ ಕೊರತೆಯನ್ನು ನೀಗುವ ದೊಡ್ಡ ಪ್ರಯತ್ನ ಬ್ರಿಟನ್ನಿನ ಓಪನ್ ಯೂನಿವರ್ಸಿಟಿ. ಲೇಬರ್ ಪಕ್ಷದ ನಾಯಕ ಹೆರಾಲ್ಡ್ ವಿಲ್ಸನ್ 1963ರಲ್ಲಿ ಗ್ಲಾಸ್ಗೋ ನಗರದ ಭಾಷಣವೊಂದರಲ್ಲಿ ರೇಡಿಯೊ, ಟೆಲಿವಿಷನ್ ಮೂಲಕ ನಡೆಯುವ ವಿಶ್ವವಿದ್ಯಾನಿಲಯದ ಮಾತೆತ್ತಿದರು. ಅವರು ಪ್ರಧಾನಿಯಾದ ಮೇಲೆ ಅದನ್ನು ಕಾರ್ಯಕ್ಕಿಳಿಸಿದವರು ಗಣಿ ಕಾರ್ಮಿಕರ ಮಗಳಾದ ಸಚಿವೆ ಜೆನ್ನಿ ಲೀ. ಬಡವರಿಗೆಂದು ಎರಡನೆಯ ದರ್ಜೆಯ ಪದವಿ ಕೊಡಕೂಡದು, ಇತರ ವಿಶ್ವವಿದ್ಯಾನಿಲಯಗಳ ಮಟ್ಟವೇ ಇಲ್ಲಿಯೂ ಇರಬೇಕು ಎಂಬುದು ಅವರ ಹಟವಾಗಿತ್ತು.

1969ರಲ್ಲಿ ಸನ್ನದು ದೊರೆತು, 1971ರ ಜನವರಿಯಲ್ಲಿ ಪಾಠ ಆರಂಭವಾಯಿತು. ಸೇರಲು ಯಾವ ಪೂರ್ವ ವಿದ್ಯಾರ್ಹತೆಯೂ ಬೇಕಿರಲಿಲ್ಲ. ಬಿ.ಬಿ.ಸಿ. ಪಾಠಗಳನ್ನು ಪ್ರಸಾರ ಮಾಡುತ್ತಿತ್ತು. ವಿಜ್ಞಾನದ ವಿದ್ಯಾರ್ಥಿಗಳ ಮನೆಗೆ ಪ್ರಯೋಗದ ಪೆಟ್ಟಿಗೆ ಹೋಗುತ್ತಿತ್ತು. ಅದರಲ್ಲಿ ಪುಟ್ಟದೊಂದು ಸೂಕ್ಷ್ಮದರ್ಶಕವೂ ಇರುತ್ತಿತ್ತು. ಹೊರಗಿನವರ ಕಣ್ಣಿಗೆ ಬಿದ್ದದ್ದು ಟೆಲಿವಿಷನ್. ಆದರೆ ವಿದ್ಯಾರ್ಥಿಯನ್ನು ಕೈಹಿಡಿದು ನಡೆಸಿದವರು ಊರೂರುಗಳಲ್ಲಿ ನೇಮಕಗೊಂಡ ಬೋಧಕರು. ಅವರು ಉತ್ತರಪತ್ರಿಕೆಗೆ ಅಂಕ ಹಾಕಿ ಸುಮ್ಮನಾಗುತ್ತಿರಲಿಲ್ಲ. ಎಲ್ಲಿ ತಪ್ಪಿದೆ, ಮುಂದಿನ ಸಲ ಹೇಗೆ ಬರೆಯಬೇಕು ಎಂದು ಅಂಚಿನಲ್ಲಿ ಬರೆದು ಕಳುಹಿಸುತ್ತಿದ್ದರು. ಪಿಟ್‌ಮನ್ನರ ತಿದ್ದಿದ ಕಾಗದವೇ ಇಲ್ಲಿ ದೊಡ್ಡ ಪ್ರಮಾಣದಲ್ಲಿ ಮರಳಿತ್ತು.

ದೆಹಲಿಯಿಂದ ಮೈಸೂರಿಗೆ

ಭಾರತದಲ್ಲಿ ಅಂಚೆ ಶಿಕ್ಷಣ ಇದಕ್ಕಿಂತ ಮೊದಲೇ ಶುರುವಾಗಿತ್ತು. ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿ ಅಂಚೆ ಶಿಕ್ಷಣ ವಿಭಾಗವನ್ನು ತೆರೆಯಿತು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಇದೇ ಹಾದಿ ಹಿಡಿಯಿತು. ಮುದ್ರಿತ ಪಾಠಗಳು ಅಂಚೆಯಲ್ಲಿ ಬರುತ್ತಿದ್ದವು. ರಜಾ ದಿನಗಳಲ್ಲಿ ಸಂಪರ್ಕ ತರಗತಿಗಳು ನಡೆಯುತ್ತಿದ್ದವು. ಕನ್ನಡದಲ್ಲೇ ಓದಿ ಬಿ.ಎ. ಮಾಡಲು ಸಾಧ್ಯವಾದದ್ದರಿಂದ ಹಳ್ಳಿಯ ಶಿಕ್ಷಕರಿಗೂ ಕಚೇರಿ ನೌಕರರಿಗೂ ಬಡ್ತಿಯ ದಾರಿ ತೆರೆಯಿತು.

ಪ್ರತ್ಯೇಕ ಮುಕ್ತ ವಿಶ್ವವಿದ್ಯಾನಿಲಯ ಮೊದಲು ಬಂದದ್ದು ಹೈದರಾಬಾದಿನಲ್ಲಿ, 1982ರಲ್ಲಿ. ಈಗ ಅದಕ್ಕೆ ಡಾ. ಬಿ.ಆರ್. ಅಂಬೇಡ್ಕರ್ ಅವರ ಹೆಸರಿದೆ. ಅದರ ಮೊದಲ ಕುಲಪತಿ ಜಿ. ರಾಮ್ ರೆಡ್ಡಿ ಅವರೇ 1985ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ, ಅಂದರೆ ‘ಇಗ್ನೋ’ದ ಮೊದಲ ಕುಲಪತಿಯೂ ಆದರು. 1987ರಲ್ಲಿ ಎರಡು ಡಿಪ್ಲೊಮಾಗಳೊಂದಿಗೆ ಪಾಠ ಆರಂಭಿಸಿದಾಗ ಇಗ್ನೋದಲ್ಲಿದ್ದವರು 4,528 ವಿದ್ಯಾರ್ಥಿಗಳು. ಇಂದು ಅಲ್ಲಿ ಲಕ್ಷಗಟ್ಟಲೆ ಜನ ಓದುತ್ತಾರೆ. ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆ 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಮಾನಸಗಂಗೋತ್ರಿಯ ಪಕ್ಕದ ಅದರ ಆವರಣಕ್ಕೆ ‘ಮುಕ್ತಗಂಗೋತ್ರಿ’ ಎಂದು ಹೆಸರು.

ಆನ್‌ಲೈನ್ ಪದವಿ ಎಂದರೇನು?

ಅಂತರಜಾಲದ ಮೂಲಕವೇ ಪೂರ್ಣ ಪದವಿ ಕೊಡಲು ವಿಶ್ವವಿದ್ಯಾನಿಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2018ರಲ್ಲಿ ನಿಯಮ ಮಾಡಿತು. 2020ರಲ್ಲಿ ದೂರಶಿಕ್ಷಣ ಮತ್ತು ಆನ್‌ಲೈನ್ ಶಿಕ್ಷಣ ಎರಡಕ್ಕೂ ಸೇರಿ ಹೊಸ ನಿಯಮಾವಳಿ ಬಂತು. ಈ ಎರಡರ ನಡುವೆ ವ್ಯತ್ಯಾಸವಿದೆ. ದೂರಶಿಕ್ಷಣದಲ್ಲಿ ಪಠ್ಯಸಾಮಗ್ರಿ, ಅಧ್ಯಯನ ಕೇಂದ್ರ, ಸಂಪರ್ಕ ತರಗತಿ ಇರುತ್ತವೆ. ಆನ್‌ಲೈನ್ ಪದವಿಯಲ್ಲಿ ಪ್ರವೇಶದಿಂದ ಪಾಠದವರೆಗೆ ಎಲ್ಲವೂ ಅಂತರಜಾಲದಲ್ಲೇ. ಅದಕ್ಕೆ ನಾಲ್ಕು ಅಂಗಗಳಿರಬೇಕು: ವಿಡಿಯೊ ಪಾಠ, ಓದುವ ಸಾಮಗ್ರಿ, ಪ್ರಶ್ನೆ ಕೇಳಿ ಚರ್ಚಿಸುವ ವೇದಿಕೆ ಮತ್ತು ತನ್ನ ಕಲಿಕೆಯನ್ನು ತಾನೇ ಅಳೆದುಕೊಳ್ಳುವ ಪರೀಕ್ಷೆಗಳು. ಕೊನೆಯ ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿ ಬರೆಯಬೇಕಾಗಬಹುದು, ಇಲ್ಲವೇ ಕ್ಯಾಮೆರಾ ಕಣ್ಗಾವಲಿನಲ್ಲಿ ಮನೆಯಿಂದಲೇ ಬರೆಯಬಹುದು.

ಆನ್‌ಲೈನ್ ಕೋರ್ಸು ಬೇರೆ, ಆನ್‌ಲೈನ್ ಪದವಿ ಬೇರೆ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ‘ಸ್ವಯಂ’ ತಾಣದಲ್ಲಿ ಸಾವಿರಾರು ಪಾಠಗಳಿವೆ. ಅವುಗಳಲ್ಲಿ ಒಂದನ್ನು ಮುಗಿಸಿದರೆ ಸಿಗುವುದು ಆ ವಿಷಯದ ಪ್ರಮಾಣಪತ್ರವೇ ಹೊರತು ಪದವಿಯಲ್ಲ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಕಾನೂನು ಮುಂತಾದ ಪದವಿಗಳನ್ನು ದೂರಶಿಕ್ಷಣದಲ್ಲಾಗಲೀ ಆನ್‌ಲೈನಿನಲ್ಲಾಗಲೀ ಕೊಡಲು ನಿಯಮದಲ್ಲಿ ಅವಕಾಶವಿಲ್ಲ. ಉಳಿದಂತೆ, ಮಾನ್ಯತೆ ಪಡೆದ ಸಂಸ್ಥೆಯ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ.

ಗಂಟೆಗಳ ಲೆಕ್ಕ

ದುಡಿಯುವವರು ಇಂಥ ಪದವಿಗೆ ಸೇರುವ ಮುನ್ನ ಸಾಮಾನ್ಯವಾಗಿ ಶುಲ್ಕದ ಲೆಕ್ಕ ಹಾಕುತ್ತಾರೆ, ವೇಳೆಯ ಲೆಕ್ಕ ಹಾಕುವುದಿಲ್ಲ. ಯುಜಿಸಿ 2022ರಲ್ಲಿ ಪ್ರಕಟಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್ ಬೇಕು. ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 30 ಗಂಟೆಗಳ ದುಡಿಮೆ ಎಂಬುದು ಇಗ್ನೋ ಮುಂತಾದ ಮುಕ್ತ ವಿಶ್ವವಿದ್ಯಾನಿಲಯಗಳ ಲೆಕ್ಕ. ಪಾಠ ಕೇಳುವುದು, ಓದುವುದು, ಬರೆಯುವುದು ಎಲ್ಲವೂ ಅದರೊಳಗೇ ಬಂತು. ಹೀಗೆ ಒಟ್ಟು 3,600 ಗಂಟೆ. ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1,200 ಗಂಟೆ. ಭಾನುವಾರ, ಹಬ್ಬ ಯಾವುದನ್ನೂ ಬಿಡದೆ ದಿನಕ್ಕೆ ಮೂರು ಗಂಟೆಗೂ ಹೆಚ್ಚು. ಎಂಟು ಗಂಟೆ ಕೆಲಸ ಮಾಡಿ, ಬಸ್ಸಿನಲ್ಲಿ ಎರಡು ಗಂಟೆ ಕಳೆದು, ಮನೆಗೆ ಬಂದು ಒಲೆ ಹಚ್ಚಬೇಕಾದ ಹೆಣ್ಣುಮಗಳಿಗೆ ಈ ಮೂರು ಗಂಟೆ ಎಲ್ಲಿಂದ ಬರಬೇಕು?

ಮುಕ್ತ ವಿಶ್ವವಿದ್ಯಾನಿಲಯಗಳು ಇದಕ್ಕಾಗಿಯೇ ಅವಧಿಯನ್ನು ಸಡಿಲಿಸಿವೆ. ಇಗ್ನೋದಲ್ಲಿ ಮೂರು ವರ್ಷದ ಪದವಿಯನ್ನು ಆರು ವರ್ಷದವರೆಗೂ ಎಳೆಯಬಹುದು. ಆಗ ದಿನದ ಓದು ಒಂದು ಗಂಟೆ ನಲವತ್ತು ನಿಮಿಷಕ್ಕೆ ಇಳಿಯುತ್ತದೆ. ಆದರೆ ಬಹಳ ಮಂದಿ ಈ ಸಡಿಲಿಕೆಯನ್ನು ಸೋಲೆಂದು ಭಾವಿಸುತ್ತಾರೆ. ಜೊತೆಗೆ ಸೇರಿದವರು ಮೂರು ವರ್ಷದಲ್ಲಿ ಮುಗಿಸಿದರೆಂದು ತಾವೂ ಎಲ್ಲ ವಿಷಯಗಳಿಗೂ ಒಮ್ಮೆಗೇ ಕೈಹಾಕಿ, ಎರಡನೆಯ ವರ್ಷಕ್ಕೆ ಕೈಚೆಲ್ಲುತ್ತಾರೆ.

ವೇಳೆಯಷ್ಟೇ ಕಾಡುವ ಇನ್ನೊಂದು ವಿಷಯ ಒಂಟಿತನ. ಜಗತ್ತಿನ ಹೆಸರಾಂತ ವಿಶ್ವವಿದ್ಯಾನಿಲಯಗಳು ಅಂತರಜಾಲದಲ್ಲಿ ಉಚಿತವಾಗಿ ಇಟ್ಟ ಪಾಠಗಳಿಗೆ ಹೆಸರು ನೋಂದಾಯಿಸಿದವರಲ್ಲಿ ಸಾಮಾನ್ಯವಾಗಿ ಹತ್ತರಲ್ಲಿ ಒಬ್ಬರೂ ಕೊನೆ ಮುಟ್ಟಿಸುವುದಿಲ್ಲ. ಅಲ್ಲಿ ಪಾಠಕ್ಕೇನೂ ಕೊರತೆಯಿಲ್ಲ. ಓದುವವನು ಎರಡು ವಾರ ಕಾಣದಿದ್ದರೆ ಏಕೆಂದು ವಿಚಾರಿಸುವವರಿಲ್ಲ. ಅರ್ಥವಾಗದ್ದನ್ನು ಕೇಳಿದರೆ ಉತ್ತರಿಸುವವರೂ ವಿರಳ. ನಾಲ್ಕು ಅಂಗಗಳಲ್ಲಿ ಚರ್ಚೆಯ ವೇದಿಕೆಯನ್ನು ಸೇರಿಸಿರುವುದು ಈ ಕೊರತೆ ತುಂಬಲೆಂದೇ. ಅಧ್ಯಾಪಕರು ಅಲ್ಲಿಗೆ ಬಂದು ಉತ್ತರಿಸದಿದ್ದರೆ ಅದು ಹೆಸರಿಗಷ್ಟೇ ಉಳಿಯುತ್ತದೆ.

ಮಾನ್ಯತೆಯ ಪ್ರಶ್ನೆ

ವರ್ಷಗಟ್ಟಲೆ ನಿದ್ದೆಗೆಟ್ಟು ಓದಿದ ಮೇಲೆ ಪದವಿಗೆ ಬೆಲೆಯಿಲ್ಲ ಎಂದಾದರೆ? ಕರ್ನಾಟಕ ಇದನ್ನು ಹತ್ತಿರದಿಂದ ಕಂಡಿದೆ. ರಾಜ್ಯದ ಹೊರಗಿನ ಕೇಂದ್ರಗಳು ಮತ್ತು ತಾಂತ್ರಿಕ ಕೋರ್ಸುಗಳ ವಿಷಯದಲ್ಲಿ ನಿಯಮ ಮೀರಿದೆ ಎಂಬ ಕಾರಣ ನೀಡಿ, ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012-13ರ ನಂತರದ ಮಾನ್ಯತೆ ಇಲ್ಲ ಎಂದು ಯುಜಿಸಿ ಹೇಳಿತು. ಆ ಬಳಿಕ ಸೇರಿದ್ದ ವಿದ್ಯಾರ್ಥಿಗಳು ವರ್ಷಗಟ್ಟಲೆ ಅತಂತ್ರರಾದರು. 2018-19ರಿಂದ ಮಾನ್ಯತೆ ಮತ್ತೆ ದೊರೆಯಿತು. 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಕೆಲವು ಡೀಮ್ಡ್ ವಿಶ್ವವಿದ್ಯಾನಿಲಯಗಳು ಅನುಮತಿಯಿಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳ ವಿರುದ್ಧ ತೀರ್ಪು ಕೊಟ್ಟಾಗಲೂ, ಆ ಪದವಿಯ ಬಲದಿಂದ ನೌಕರಿ, ಬಡ್ತಿ ಪಡೆದವರು ಕಂಗಾಲಾದರು. ಎರಡು ಸಂದರ್ಭಗಳಲ್ಲೂ ತಪ್ಪಿಗೆ ಬೆಲೆ ತೆತ್ತವರು ಓದಿದವರೇ.

ಆದ್ದರಿಂದ ಸೇರುವ ಮುನ್ನ ಕೆಲವು ವಿಷಯಗಳನ್ನು ತಿಳಿದುಕೊಳ್ಳುವುದು ಅಗತ್ಯ. ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆ ಇದ್ದರೆ ಸಾಲದು. ಆ ನಿರ್ದಿಷ್ಟ ಪದವಿಗೆ, ಆ ನಿರ್ದಿಷ್ಟ ವರ್ಷಕ್ಕೆ ಅನುಮತಿ ಇರಬೇಕು. ಯುಜಿಸಿಯ ದೂರಶಿಕ್ಷಣ ಮಂಡಳಿ ಈ ಪಟ್ಟಿಯನ್ನು ತನ್ನ ತಾಣದಲ್ಲಿ ಪ್ರಕಟಿಸುತ್ತದೆ. ಪದವಿ ಶಿಕ್ಷಣವನ್ನು ಮಧ್ಯವರ್ತಿ ಸಂಸ್ಥೆಗಳಿಗೆ ಗುತ್ತಿಗೆ ಕೊಡುವಂತಿಲ್ಲ. ಹಾಜರಾತಿ ಬೇಡ, ಪಾಸು ಖಚಿತ ಎಂದು ಫೋನ್ ಮಾಡುವ ಏಜೆಂಟರು ಕೊಡುವ ಭರವಸೆಯೇ ಎಚ್ಚರಿಕೆಯ ಗಂಟೆ. ಪಾಠ ಮಾಡುವ ಅಧ್ಯಾಪಕರು ಯಾರು, ಪ್ರಶ್ನೆಗೆ ಎಷ್ಟು ದಿನದಲ್ಲಿ ಉತ್ತರ ಬರುತ್ತದೆ, ಪರೀಕ್ಷೆ ಎಲ್ಲಿ ಎಂಬುದನ್ನು ಹಣ ಕಟ್ಟುವ ಮೊದಲೇ ಕೇಳಬೇಕು.

‘ಅಂಚೆಯಲ್ಲಿ ಬಂದ ಪದವಿ’ ಎಂಬ ಹಗುರ ಮಾತು ಹಿಂದೆಯೂ ಇತ್ತು. ಈಗ ಅದು ‘ಫೋನಿನಲ್ಲಿ ಬಂದ ಪದವಿ’ ಎಂದಾಗಿದೆ. ಆ ಮಾತಿಗೆ ಉತ್ತರ ಹೇಳಬೇಕಾದವರು ವಿಶ್ವವಿದ್ಯಾನಿಲಯಗಳು. ಪರೀಕ್ಷೆ ಬಿಗಿಯಾಗಿದ್ದು, ಬರೆದದ್ದನ್ನು ತಿದ್ದಿ ಹೇಳುವ ಅಧ್ಯಾಪಕರಿದ್ದರೆ ಪಾಠ ಯಾವ ದಾರಿಯಲ್ಲಿ ಬಂದರೂ ಪದವಿಗೆ ತೂಕವಿರುತ್ತದೆ. ಅಂತರಜಾಲ ಪಾಠವನ್ನು ಮನೆಬಾಗಿಲಿಗೆ ತಂದಿದೆ. ತೆರಪನ್ನು ಮಾತ್ರ ಅದು ತರಲಾರದು. ಪರೀಕ್ಷೆಯ ವಾರ ರಜೆ ಕೊಡುವ ಕಚೇರಿ, ಸಂಜೆಯ ಅಡುಗೆಗೆ ಕೈಜೋಡಿಸುವ ಮನೆ, ಅವಸರ ಮಾಡದೆ ಆರು ವರ್ಷ ಕಾಯುವ ತಾಳ್ಮೆ ಇವುಗಳಿಂದ ಅದು ಹುಟ್ಟಬೇಕು.