ಬಾಯಿ ಬಾರದ ಪ್ರೇಮಿ, ಬಸ್ ಸ್ಟಾಪಿನ ಪ್ರೇಯಸಿ!

ಕೈಯಲ್ಲಿ ಈ ಪತ್ರಿಕೆ, ಕಣ್ಣು ಮಾತ್ರ ಕ್ಯೂನಲ್ಲಿ ಮುಂದೆ ನಿಂತ ಹುಡುಗಿಯ ಜಡೆಯ ಮೇಲೆ... ಹೀಗೆ ಬಸ್ಸಿಗೆ ಕಾಯುತ್ತಿರುವ ತರುಣರೇ, ನಿಮ್ಮ ಕುಲದೈವ ಯಾರು ಗೊತ್ತೇ? ಅರುಣ್ ಪ್ರದೀಪ್! 1976ರಲ್ಲಿ ತೆರೆ ಕಂಡ ಬಾಸು ಚಟರ್ಜಿಯವರ ಹಿಂದಿ ಚಿತ್ರ ‘ಛೋಟಿ ಸಿ ಬಾತ್’ನ ನಾಯಕ.

ಹೆಸರಿನ ಅರ್ಥ ‘ಒಂದು ಸಣ್ಣ ಮಾತು’. ಆ ಸಣ್ಣ ಮಾತು ಆಡೋದಕ್ಕೆ ಪುಣ್ಯಾತ್ಮನಿಗೆ ಇಡೀ ಸಿನಿಮಾ ಬೇಕಾಯಿತು!

‘ಶೋಲೆ’ಯ (1975) ಗುಂಡಿನ ಸದ್ದು ಇನ್ನೂ ಕಿವಿಯಲ್ಲಿದ್ದ ಕಾಲ. ಇಲ್ಲಿನ ನಾಯಕನಿಗೋ ಹೋಟೆಲಿನಲ್ಲಿ ಮಾಣಿಯನ್ನು ಕರೆಯುವ ಧೈರ್ಯವೂ ಇಲ್ಲ. ಅಮೋಲ್ ಪಾಲೇಕರ್ ಆ ಪಾತ್ರಕ್ಕೆ ಹೇಳಿ ಮಾಡಿಸಿದ ಮುಖ. (ನಮ್ಮ ‘ಕನ್ನೇಶ್ವರ ರಾಮ’ದಲ್ಲೂ ಇದ್ದರಲ್ಲ, ಅವರೇ.) ಆಫೀಸಿಗೆ ಹೋಗುವ ಪ್ರಭಾ, ಅಂದರೆ ವಿದ್ಯಾ ಸಿನ್ಹಾ, ಬಸ್ಸಿಗೆ ನಿಂತರೆ ಇವನೂ ನಿಲ್ಲುತ್ತಾನೆ. ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತೆ. ಅಷ್ಟರಲ್ಲಿ ಅಸ್ರಾನಿಯ ನಾಗೇಶ್ ಸ್ಕೂಟರಿನಲ್ಲಿ ಬಂದು ಹುಡುಗಿಯನ್ನು ಕೂರಿಸಿಕೊಂಡು ಹೋಗಿಯೇಬಿಟ್ಟ! ಪಾಪ, ಅರುಣ ಕಷ್ಟಪಟ್ಟು ಅವಳನ್ನು ಊಟಕ್ಕೆ ಕರೆದರೆ ಅಲ್ಲಿಗೂ ನಾಗೇಶ್ ಹಾಜರ್. ತಿಂಡಿ ತರಿಸುವವನು ಅವನು, ಬಿಲ್ಲು ಕೊಡುವವನು ಇವನು. ಸೋತು ಸುಣ್ಣವಾಗಿ ಒಂದು ಹಳೇ ಮೋಟಾರ್ ಸೈಕಲ್ ಕೊಂಡ. ಅದೂ ಕೈ ಕೊಟ್ಟಿತು.

ಕೊನೆಗೆ ಖಂಡಾಲದ ಗುರುಗಳೇ ಗತಿ. ಕರ್ನಲ್ ಜೂಲಿಯಸ್ ನಾಗೇಂದ್ರನಾಥ್ ವಿಲ್‌ಫ್ರೆಡ್ ಸಿಂಗ್ ಎಂಬ ಮಾರುದ್ದದ ಹೆಸರಿನಲ್ಲಿ ಅಶೋಕ್ ಕುಮಾರ್! ಸಲಹೆ ಕೇಳಲು ಸ್ವತಃ ಅಮಿತಾಭ್ ಬಚ್ಚನ್ ಅಮಿತಾಭನಾಗಿಯೇ ಬರುತ್ತಾರೆಂದರೆ ನೋಡಿ. ನಡೆಯೋದು, ನುಡಿಯೋದು, ಎದುರಾಳಿಯನ್ನು ಪೇಚಿಗೆ ಸಿಕ್ಕಿಸೋದು, ಎಲ್ಲದಕ್ಕೂ ಪಾಠ. ಕಥೆಯ ಎಳೆ 1960ರ ಇಂಗ್ಲಿಷ್ ಚಿತ್ರ ‘ಸ್ಕೂಲ್ ಫಾರ್ ಸ್ಕೌಂಡ್ರೆಲ್ಸ್’ನದು. ಆದರೆ ಬಸ್ಸಿನ ಕ್ಯೂ, ಆಫೀಸಿನ ಮೇಜು, ಜಹಾಂಗೀರ್ ಆರ್ಟ್ ಗ್ಯಾಲರಿಯ ‘ಸಮೋವಾರ್’ ಎಲ್ಲ ಅಪ್ಪಟ ಮುಂಬಯಿ. ಆ ಹೋಟೆಲು 2015ರಲ್ಲಿ ಬಾಗಿಲು ಹಾಕಿತು. ಅದರ ಕುರ್ಚಿ ಮೇಜು ನೋಡಬೇಕೆಂದರೆ ಈಗ ಈ ಚಿತ್ರವೇ ಗತಿ.

ಪಳಗಿ ಬಂದ ಅರುಣನ ಮುಂದೆ ನಾಗೇಶ್ ಪ್ರತಿ ಆಟದಲ್ಲೂ ಮಣ್ಣು ಮುಕ್ಕುತ್ತಾನೆ. ಥಿಯೇಟರಿನಲ್ಲಿ ಶಿಳ್ಳೆ ಬೀಳುವುದು ಅಲ್ಲೇ. ನಮಗೆ ಮಾತ್ರ ಹಿಡಿಸಿದ್ದು ಬೇರೆ. ಗುರು ಹೇಳಿಕೊಟ್ಟ ಕೊನೆಯ ಪಟ್ಟನ್ನು ಪ್ರಭಾಳ ಮೇಲೆ ಹಾಕಲು ಅರುಣನಿಗೆ ಮನಸ್ಸೇ ಬರುವುದಿಲ್ಲ. ಕಲಿತ ವಿದ್ಯೆಯೆಲ್ಲ ಆ ಗಳಿಗೆಯಲ್ಲಿ ಮೂಲೆಗೆ. ಬಸ್ ಸ್ಟಾಪಿನ ಆ ಹಳೇ ಪೆದ್ದನೇ ತಿರುಗಿ ಬಂದು ಬಾಯಿಬಿಡುತ್ತಾನೆ.

ಒಂದು ತಕರಾರು ಉಂಟು. ಅರುಣನ ಮನಸ್ಸು ಪ್ರಭಾಗೆ ಮೊದಲಿನಿಂದಲೂ ಗೊತ್ತು! ಸ್ವಂತ ಸಂಪಾದನೆಯ ಹುಡುಗಿ, ಒಬ್ಬಳೇ ಊರೆಲ್ಲ ಓಡಾಡುವವಳು. ಅವಳೇ ಯಾಕೆ ಬಾಯಿಬಿಡಬಾರದಿತ್ತು? ಬಾಸು ಅದನ್ನು ಕೇಳುವುದೇ ಇಲ್ಲ. ಇನ್ನು ಈ ಹಿಂಬಾಲಿಸುವ ಚಾಳಿ ಇದೆಯಲ್ಲ, ಇವತ್ತಾದರೆ ಹುಡುಗಿ ಪೊಲೀಸರಿಗೆ ಫೋನ್ ಮಾಡಿದರೂ ತಪ್ಪಿಲ್ಲ ಬಿಡಿ.

2019ರಲ್ಲಿ ವಿದ್ಯಾ ಸಿನ್ಹಾ ಹೋದರು, ಮರುವರ್ಷ ಬಾಸು. ಮತ್ತೆ ನೋಡುವವರು ಈ ಸಲ ಅರುಣನ ಪೇಚಾಟ ಬಿಟ್ಟು ಪ್ರಭಾಳ ತುಟಿಯಂಚನ್ನೇ ಗಮನಿಸಿ. ಅವನು ತೊದಲಿದಾಗಲೆಲ್ಲ ಅಲ್ಲೊಂದು ನಗು ಬಂದು, ಬಸ್ಸು ಬರುವಷ್ಟರಲ್ಲಿ ಮಾಯವಾಗಿರುತ್ತೆ.