ಮನೆ ಕೆಡಹುವ ಮುನ್ನ ಒಮ್ಮೆ ಅಟ್ಟ ಹತ್ತಿ ನೋಡಿ

ಕಳೆದ ಬೇಸಿಗೆ ರಜೆಯಲ್ಲಿ ಬಿಟಿಎಂ ಲೇಔಟಿನ ನಮ್ಮ ಬಾಡಿಗೆ ಮನೆಯಲ್ಲಿ ಅಣ್ಣತಮ್ಮಂದಿರೆಲ್ಲ ಸೇರಿದ್ದೆವು. ಮಾತಿನ ವಿಷಯ ಒಂದೇ, ಬಂಟ್ವಾಳ ತಾಲೂಕಿನ ನಮ್ಮ ಹಳೆಯ ಹಂಚಿನ ಮನೆ. ಬಾಪ ತೀರಿಕೊಂಡು ನಾಲ್ಕು ವರ್ಷವಾಯಿತು. ಉಮ್ಮ ಈಗ ನಮ್ಮ ಜೊತೆ ಬೆಂಗಳೂರಿನಲ್ಲಿದ್ದಾರೆ. ಊರಿನ ಮನೆಗೆ ಬೀಗ ಬಿದ್ದಿದೆ. "ಕೆಡವಿ ಟೆರೇಸ್ ಮನೆ ಕಟ್ಟೋಣ. ಮರವನ್ನೆಲ್ಲ ಒಟ್ಟಿಗೆ ತಗೊಳ್ಳೋರು ಇದ್ದಾರೆ" ಅಂದ ತಮ್ಮ. ಮರದ ವ್ಯಾಪಾರಿಯೊಬ್ಬರು ಮನೆಯನ್ನು ಸರಿಯಾಗಿ ನೋಡದೆ ಫೋನಿನಲ್ಲೇ ಒಂದು ಮೊತ್ತ ಹೇಳಿಯೂ ಆಗಿತ್ತು. ಉಮ್ಮ ಏನೂ ಹೇಳಲಿಲ್ಲ. ಚಾ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಆಗ ನಮಗೆ ಹೊಳೆದದ್ದು ಇಷ್ಟು: ನಲವತ್ತು ದಾಟಿದರೂ ಆ ಮನೆ ಯಾವುದರ ಮೇಲೆ ನಿಂತಿದೆ ಎಂಬುದೇ ನಮಗೆ ಗೊತ್ತಿಲ್ಲ. ಗೊತ್ತಿಲ್ಲದ ವಸ್ತುವಿಗೆ ಬೆಲೆ ಕಟ್ಟುವುದು ಹೇಗೆ? ಹಾಗಾಗಿ ಊರಿಗೆ ಹೋದೆವು. ಬಾಪನ ಕಾಲದಿಂದಲೂ ಮನೆಯ ಮರದ ಕೆಲಸಕ್ಕೆ ಬರುತ್ತಿದ್ದ ಆಚಾರ್ರನ್ನು ಕರೆಸಿ, ಟಾರ್ಚ್ ಹಿಡಿದು ಅಟ್ಟ ಹತ್ತಿದೆವು. ಎರಡು ದಿನದಲ್ಲಿ ಅವರಿಂದ ಕಲಿತದ್ದನ್ನು, ಬಳಿಕ ಕೇಳಿ ಓದಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ಜಯನಗರ, ಜೆ.ಪಿ. ನಗರ, ಬನಶಂಕರಿಯಲ್ಲಿ ನೆಲೆಸಿರುವ ಅನೇಕ ಬ್ಯಾರಿ ಕುಟುಂಬಗಳಿಗೆ ಊರಿನಲ್ಲಿ ಇಂಥದೇ ಬೀಗ ಹಾಕಿದ ಮನೆ ಇದೆ. ಅವರಿಗೆ ಇದು ಉಪಯೋಗವಾಗಬಹುದು.

ಭಾರ ಎಲ್ಲಿಂದ ಎಲ್ಲಿಗೆ?

"ಉಸ್ತಾದ್ರೇ, ಮೊದಲು ಮೇಲಿಂದ ಕೆಳಗೆ ನೋಡ್ತಾ ಬನ್ನಿ" ಅಂದರು ಆಚಾರ್ರು. ಮೊದಲ ಪಾಠ ಅದೇ. ಹಂಚು ಕೂರುವುದು ರೀಪಿನ ಮೇಲೆ. ಹಂಚಿನ ಹಿಂಬದಿಯ ಗಂಟು ರೀಪಿಗೆ ಸಿಕ್ಕಿಕೊಳ್ಳುತ್ತದೆ. ಒಂದು ರೀಪಿನಿಂದ ಇನ್ನೊಂದಕ್ಕೆ ಒಂದು ಅಡಿಗಿಂತ ಸ್ವಲ್ಪ ಹೆಚ್ಚು ಅಂತರ. ರೀಪು ಪಕ್ಕಾಸಿನ ಮೇಲೆ. ಪಕ್ಕಾಸಿನ ಮೇಲ್ತುದಿ ಮಾಡಿನ ನೆತ್ತಿಯ ಉದ್ದ ಮರಕ್ಕೆ, ಕೆಳತುದಿ ಗೋಡೆಯ ಮೇಲೆ ಮಲಗಿಸಿದ ಮರಕ್ಕೆ. ಅಲ್ಲಿಂದ ಭಾರ ಗೋಡೆಗೆ ಅಥವಾ ಚಾವಡಿಯ ಕಂಬಕ್ಕೆ, ಕಂಬದಿಂದ ಅದರ ಬುಡದ ಕಲ್ಲಿಗೆ, ಕಲ್ಲಿನಿಂದ ನೆಲಕ್ಕೆ. ಈ ಸರಪಳಿ ಎಲ್ಲಿಯೂ ತುಂಡಾಗಬಾರದು. ನಡುವೆ ಒಂದು ಕೊಂಡಿ ಕೆಟ್ಟರೂ ಅದರ ಪಾಲಿನ ಭಾರ ಪಕ್ಕದ ಮರಗಳ ಮೇಲೆ ಬೀಳುತ್ತದೆ.

ಭಾರ ಎಂದರೆ ಎಷ್ಟು? ಮಂಗಳೂರು ಹಂಚು ಒಂದೊಂದು ಎರಡರಿಂದ ಮೂರು ಕಿಲೊ ತೂಗುತ್ತದೆ. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಬೇಕು. ಸಾವಿರ ಚದರ ಅಡಿಯ ಮಾಡಿಗೆ ಸುಮಾರು 1400. ಲೆಕ್ಕ ಹಾಕಿದರೆ ಹಂಚಿನ ತೂಕವೇ ಸುಮಾರು ಮೂರರಿಂದ ನಾಲ್ಕು ಟನ್. ಮಳೆಯಲ್ಲಿ ನೆನೆದರೆ ಇನ್ನೂ ಜಾಸ್ತಿ. ಇಷ್ಟನ್ನು ತಲೆಮಾರುಗಳ ಕಾಲ ಹೊತ್ತು ನಿಂತದ್ದು ಮರ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ 1865ರಲ್ಲಿ ಶುರುವಾಯಿತು. ಆಮೇಲೆ ಕರಾವಳಿಯ ಮುಳಿಹುಲ್ಲಿನ ಮಾಡುಗಳು ಮೆಲ್ಲನೆ ಹಂಚಿಗೆ ಬದಲಾದವು. ಹಗುರ ಹುಲ್ಲಿನ ಜಾಗಕ್ಕೆ ಭಾರದ ಹಂಚು ಬಂದಾಗ ಕೆಳಗಿನ ಮರದ ಕೆಲಸವೂ ಗಟ್ಟಿಯಾಗಲೇಬೇಕಾಯಿತು.

ಕರಾವಳಿಯ ಹೆಚ್ಚಿನ ಮನೆಗಳಲ್ಲಿ ಗೋಡೆ ಕೆಂಪುಕಲ್ಲಿನದು, ಮಾಡು ಮಾತ್ರ ಮರದ್ದು. ಇಡೀ ಕಟ್ಟಡವೇ ಮರದ ಎಲುಬಿನ ಮೇಲೆ ನಿಲ್ಲುವುದನ್ನು ನೋಡಬೇಕಾದರೆ ದಕ್ಷಿಣ ಬೆಂಗಳೂರಿನವರು ದೂರ ಹೋಗಬೇಕಿಲ್ಲ. ಜಯನಗರದಿಂದ ಬಸ್ ಹತ್ತಿ ಕೆ.ಆರ್. ಮಾರ್ಕೆಟಿನಲ್ಲಿ ಇಳಿದರೆ ಟಿಪ್ಪು ಸುಲ್ತಾನರ ಬೇಸಿಗೆ ಅರಮನೆ ಹತ್ತಿರ. 1781ರಲ್ಲಿ ಹೈದರ್ ಅಲಿ ಕಾಲದಲ್ಲಿ ಕೆಲಸ ಶುರುವಾಗಿ 1791ರಲ್ಲಿ ಟಿಪ್ಪು ಮುಗಿಸಿದ ಎರಡಂತಸ್ತಿನ ಕಟ್ಟಡ ಅದು. ಸಾಗುವಾನಿ ಕಂಬಗಳ ಸಾಲು, ಬುಡದಲ್ಲಿ ಕಲ್ಲು, ಮೇಲೆ ತೊಲೆ. ಮಕ್ಕಳನ್ನು ಕರೆದುಕೊಂಡು ಹೋದಾಗ ಬಣ್ಣ, ಚಿತ್ತಾರದ ಜೊತೆಗೆ ಭಾರ ಹೇಗೆ ಇಳಿದು ಬರುತ್ತದೆ ಅಂತಲೂ ತೋರಿಸಿ. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಒಳಗಿನ ಕೆತ್ತನೆಯ ಮರದ ಕಂಬಗಳನ್ನು ಕಂಡವರಿಗೂ ಇದು ಹೊಸತೇನಲ್ಲ.

ಅಮೆರಿಕ, ಕೆನಡಾದಲ್ಲಿ ಇವತ್ತಿಗೂ ಹೆಚ್ಚಿನ ಮನೆಗಳು ಮರದ ಚೌಕಟ್ಟಿನವು. ಅಲ್ಲಿ ದಪ್ಪ ಕಂಬಗಳ ಬದಲು ಸಪೂರ ಮರದ ಪಟ್ಟಿಗಳನ್ನು ಸುಮಾರು 16 ಇಂಚಿಗೊಂದರಂತೆ ಒತ್ತಾಗಿ ನಿಲ್ಲಿಸಿ, ಮೇಲೆ ಪ್ಲೈವುಡ್ಡಿನಂಥ ಹಲಗೆ ಬಡಿಯುತ್ತಾರೆ. ಕಟ್ಟುವ ರೀತಿ ಬೇರೆಯಾದರೂ ಭಾರದ ಸರಪಳಿ ಅಲ್ಲಿಯೂ ಇಲ್ಲಿಯೂ ಒಂದೇ.

ಮನೆಯಲ್ಲೇ ಮಾಡಿ ನೋಡಬಹುದಾದ ಮೂರು ಪಾಠ

ಒಂದು. ಮಕ್ಕಳ ಮರದ ಸ್ಕೇಲನ್ನು ಅಡ್ಡಲಾಗಿ ಮಲಗಿಸಿ ಒತ್ತಿದರೆ ಬಾಗುತ್ತದೆ. ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಒತ್ತಿ, ಬಾಗುವುದಿಲ್ಲ. ಪಕ್ಕಾಸನ್ನು, ತೊಲೆಯನ್ನು ಎತ್ತರವಾಗಿ ನಿಲ್ಲಿಸಿ ಕೂರಿಸುವುದು ಇದಕ್ಕೇ. ಎರಡು ಇಂಚು ನಾಲ್ಕು ಇಂಚಿನ ಮರವನ್ನು ಮಲಗಿಸುವ ಬದಲು ನಿಲ್ಲಿಸಿದರೆ ಎರಡು ಪಟ್ಟು ಭಾರ ಹೊರುತ್ತದೆ. ಅದೇ ಭಾರಕ್ಕೆ ಬಾಗುವುದು ಕಾಲು ಪಾಲು ಮಾತ್ರ. ಮರ ಹೆಚ್ಚು ಬೇಕಿಲ್ಲ, ಇಡುವ ರೀತಿ ಸರಿಯಾಗಿರಬೇಕು.

ಎರಡು. ಪೈಂಟರ್‌ಗಳು ತರುವ ಎರಡು ಕಾಲಿನ ಏಣಿ ನೋಡಿ. ನಡುವೆ ಹಗ್ಗವೋ ಸರಪಳಿಯೋ ಇರುತ್ತದೆ. ಅದು ಇಲ್ಲದಿದ್ದರೆ ಹತ್ತಿದ ಕೂಡಲೇ ಕಾಲುಗಳು ಅಗಲವಾಗಿ ಜಾರುತ್ತವೆ. ಮಾಡಿನ ಎರಡು ಬದಿಯ ಪಕ್ಕಾಸುಗಳೂ ಹಾಗೆಯೇ ಗೋಡೆಗಳನ್ನು ಹೊರಕ್ಕೆ ದೂಡುತ್ತಿರುತ್ತವೆ. ಅದನ್ನು ಹಿಡಿದಿಡುವುದು ಅಡ್ಡತೊಲೆ. ಅಟ್ಟದಲ್ಲಿ ತಲೆಗೆ ಬಡಿಯುತ್ತದೆ ಅಂತ ಅಡ್ಡತೊಲೆ ಕತ್ತರಿಸಿದ ಮನೆಗಳಿವೆ. ಅಂಥ ಮನೆಯಲ್ಲಿ ಕೆಲವು ವರ್ಷ ಕಳೆದ ಮೇಲೆ ಗೋಡೆಯ ಮೇಲ್ಭಾಗ ಹೊರಕ್ಕೆ ವಾಲಿ ಬಿರುಕು ಬಿಡಬಹುದು.

ಮೂರು. ನಾಲ್ಕು ಕಡ್ಡಿಗಳನ್ನು ಚೌಕಾಕಾರಕ್ಕೆ ಕಟ್ಟಿ ಬದಿಯಿಂದ ದೂಡಿ. ಚೌಕ ಓರೆಯಾಗುತ್ತದೆ. ಮೂಲೆಯಿಂದ ಮೂಲೆಗೆ ಇನ್ನೊಂದು ಕಡ್ಡಿ ಕಟ್ಟಿದರೆ ಅಲುಗುವುದಿಲ್ಲ. ಗಾಳಿ ಬೀಸಿದಾಗ ಮರದ ಚೌಕಟ್ಟನ್ನು ಕಾಪಾಡುವುದು ಈ ಓರೆ ಮರ. ವಿದೇಶದ ಮನೆಗಳಲ್ಲಿ ಪೂರ್ತಿ ಬಡಿದ ಹಲಗೆ ಈ ಕೆಲಸ ಮಾಡುತ್ತದೆ. ನಮ್ಮಲ್ಲಿ ಹೆಚ್ಚಾಗಿ ಕಲ್ಲಿನ ಗೋಡೆಯೇ ಮಾಡುತ್ತದೆ.

ಮರ ಕೆಡುವುದು ಎಲ್ಲಿಂದ?

"ಮರಕ್ಕೆ ವಯಸ್ಸಾಗಿ ಕೆಡೋದಲ್ಲ ಮಾರಾಯ್ರೆ, ನೀರು ನಿಂತು ಕೆಡೋದು" ಅಂತ ಆಚಾರ್ರು ಸ್ಕ್ರೂಡ್ರೈವರಿನಿಂದ ಒಂದೊಂದೇ ಮರ ಚುಚ್ಚುತ್ತಾ ಹೋದರು. ಗಟ್ಟಿ ಮರಕ್ಕೆ ಮೊನೆ ಇಳಿಯುವುದಿಲ್ಲ. ತಟ್ಟಿದರೆ ಟಣ್ ಅನ್ನುತ್ತದೆ. ಕೆಟ್ಟ ಮರಕ್ಕೆ ಮೊನೆ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ. ತಟ್ಟಿದರೆ ಸದ್ದು ಬೊಡ್ಡು. ಮರದ ಉದ್ದಕ್ಕಿಂತ ತುದಿಯನ್ನು ಮೊದಲು ನೋಡಬೇಕು. ಮರ ಜೀವಂತ ಇದ್ದಾಗ ನೀರು ಏರಿದ ಸಣ್ಣ ನಾಳಗಳ ಬಾಯಿ ತುದಿಯಲ್ಲಿ ತೆರೆದಿರುತ್ತದೆ. ನೀರು ಹೀರುವುದು ಅಲ್ಲಿಂದ.

ಹಿಂದಿನವರು ಇದಕ್ಕೆ ಏನೇನು ಮಾಡಿದ್ದರು ಎಂಬುದು ಅಟ್ಟದಿಂದ ಇಳಿದು ಹೊರಗೆ ಬಂದಾಗ ಕಾಣಿಸಿತು. ಕಂಬದ ಬುಡ ಮಣ್ಣಿಗೆ ತಾಗದಂತೆ ಕಲ್ಲು. ಮಳೆ ಗೋಡೆಗೆ ಹೊಡೆಯದಂತೆ ಮುಂದಕ್ಕೆ ಚಾಚಿದ ಮಾಡು. ನೀರು ನಿಲ್ಲದಂತೆ ಕಡಿದಾದ ಇಳಿಜಾರು. ಮರಕ್ಕೆ ಬಳಿದ ಗೇರೆಣ್ಣೆ. ಅಡುಗೆ ಕೋಣೆಯ ಹೊಗೆಗೂ ಒಂದು ಕೆಲಸ ಇತ್ತು. ಕಟ್ಟಿಗೆ ಒಲೆಯ ಹೊಗೆ ಅಟ್ಟದ ಮರವನ್ನು ಒಣಗಿಸಿ ಹುಳ ಬಾರದಂತೆ ನೋಡಿಕೊಳ್ಳುತ್ತಿತ್ತು. ಗ್ಯಾಸ್ ಬಂದ ಮೇಲೆ ಉಮ್ಮನ ಕಣ್ಣಿಗೆ ಆರಾಮವಾಯಿತು. ಆದರೆ ಆ ಕಾವಲು ಹೋಯಿತು. ಹೊಗೆಯ ಬದಲು ಔಷಧ ಬಳಿಯಬೇಕಿತ್ತು. ನಾವು ಬಳಿಯಲಿಲ್ಲ.

ನಮ್ಮ ಮನೆಯಲ್ಲಿ ಕೆಟ್ಟದ್ದು ಎಲ್ಲಿ ಗೊತ್ತೇ? ಹಳೆಯ ಭಾಗದಲ್ಲಿ ಅಲ್ಲ. ಹದಿನೈದು ವರ್ಷದ ಹಿಂದೆ ಹಿಂಬದಿಗೆ ಸೇರಿಸಿದ ಬಚ್ಚಲುಮನೆಯ ಕಾಂಕ್ರೀಟು ಹಳೆಯ ಮಾಡಿಗೆ ತಾಗುವ ಕಡೆ. ಮೇಸ್ತ್ರಿ ಸಿಮೆಂಟಿನಿಂದ ಸಂದು ಮುಚ್ಚಿದ್ದರು. ಅದು ಬಿರಿದು, ಮೂರು ನಾಲ್ಕು ಮಳೆಗಾಲ ನೀರು ನೇರವಾಗಿ ಗೋಡೆಯ ಮೇಲಿನ ಮರಕ್ಕೆ ಇಳಿದಿದೆ. ಒದ್ದೆ ಮರಕ್ಕೆ ಗೆದ್ದಲು ಬಂದಿದೆ. ಆರು ಪಕ್ಕಾಸುಗಳ ತುದಿ ಹುಡಿ. ಉಳಿದ ಇಡೀ ಮಾಡಿನಲ್ಲಿ ಹೆಬ್ಬಲಸು, ಬೋಗಿ ಮರಗಳು ಮೊನೆ ಇಳಿಯದಷ್ಟು ಗಟ್ಟಿ. ಅಷ್ಟನ್ನೂ ಫೋನಿನಲ್ಲಿ ಬೆಲೆ ಹೇಳಿಸಿಕೊಂಡು ಕೊಡಲು ಹೊರಟಿದ್ದೆವು.

ಹೊಸದಾಗಿ ಕಟ್ಟುವವರಿಗೆ

ಬನಶಂಕರಿ, ಜೆ.ಪಿ. ನಗರದ ಕಡೆ ಟೆರೇಸಿನ ಮೇಲೆ ಮರದ ಅಥವಾ ಬಿದಿರಿನ ಕೋಣೆ ಮಾಡಬೇಕೆಂದು ಕೇಳುವವರು ಇದ್ದಾರೆ. ಅವರು ಗಮನಿಸಬೇಕಾದದ್ದು ಇಷ್ಟು.

ಹಸಿ ಮರ ಬೇಡ. ಒಣಗುತ್ತಾ ಅದು ಕುಗ್ಗುತ್ತದೆ, ಸೊಟ್ಟಗಾಗುತ್ತದೆ, ಸಂದು ಬಿಡುತ್ತದೆ. ತೇವ ಶೇಕಡಾ 12ರಿಂದ 15ರ ಒಳಗೆ ಬಂದಿರಬೇಕು. ಅದನ್ನು ಅಳೆಯುವ ಸಣ್ಣ ಮೀಟರ್ ಸಿಗುತ್ತದೆ. ಮರದ ನಡುವಿನ ಗಾಢ ಬಣ್ಣದ ಚೇಗು ಬಾಳುತ್ತದೆ, ಹೊರಗಿನ ಬಿಳಿ ಭಾಗಕ್ಕೆ ಬೇಗ ಹುಳ ಹಿಡಿಯುತ್ತದೆ. ಬಿದಿರಿಗೆ ಬೊರಾಕ್ಸ್, ಬೋರಿಕ್ ಆಸಿಡ್ ದ್ರಾವಣದ ಉಪಚಾರ ಆಗಿದೆಯೇ ಅಂತ ಕೇಳಿ. ಕಂಬದ ಬುಡ ಟೆರೇಸಿನ ನೆಲಕ್ಕಿಂತ ಮೇಲಿರಲಿ. ಹಂಚಿನ ಮಾಡು ತನ್ನ ಭಾರದಿಂದಲೇ ಕೂತಿರುತ್ತದೆ. ಹಗುರ ಶೀಟಿನ ಮಾಡನ್ನು ಗಾಳಿ ಎತ್ತಿಕೊಂಡು ಹೋಗುತ್ತದೆ. ಆದ್ದರಿಂದ ಮಾಡಿನಿಂದ ಕಂಬಕ್ಕೆ, ಕಂಬದಿಂದ ಕೆಳಗಿನ ಕಾಂಕ್ರೀಟಿಗೆ ಬೋಲ್ಟು ಬೇಕು. ಕರೆಂಟಿನ ವೈರು ಪೈಪಿನೊಳಗೇ ಹೋಗಲಿ. ಕೆಳಗಿನ ಕಟ್ಟಡ ಈ ಭಾರ ತಡೆಯುತ್ತದೆಯೇ ಅಂತ ಇಂಜಿನಿಯರ್ ನೋಡಬೇಕು, ಪಾಲಿಕೆಯ ಅನುಮತಿಯೂ ಬೇಕು. ಊರಿನ ಜಾಗದಲ್ಲಿ ಮರ ಕಡಿಸುವವರು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯನ್ನು ಮರೆಯಬಾರದು. ಜಾಗ ನಮ್ಮದಾದರೂ ಹಲವು ಜಾತಿಯ ಮರಗಳಿಗೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು.

ಮರದ ವಿಷಯದಲ್ಲಿ ಬೆಂಗಳೂರಿನವರು ಪುಣ್ಯವಂತರು. ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಮರದ ಬಾಳಿಕೆಯ ಬಗ್ಗೆಯೇ ಸಂಶೋಧನೆ ನಡೆಸುತ್ತದೆ. ತುಮಕೂರು ರಸ್ತೆಯ ಪ್ಲೈವುಡ್ ಸಂಶೋಧನಾ ಸಂಸ್ಥೆಯಲ್ಲಿ ಬಿದಿರಿನ ಮನೆಗಳನ್ನೇ ಕಟ್ಟಿ ತೋರಿಸಿದ್ದಾರೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್‌ನಲ್ಲಿ ಒಂದು ಸುತ್ತು ಹಾಕಿದರೆ ಹೊಸ ಮರದ ಇಂದಿನ ಬೆಲೆ ಗೊತ್ತಾಗುತ್ತದೆ. ನಾವು ಊರಿಂದ ಬಂದ ಮೇಲೆ ಅಲ್ಲಿಗೆ ಹೋಗಿ ವಿಚಾರಿಸಿದೆವು. ವ್ಯಾಪಾರಿ ಫೋನಿನಲ್ಲಿ ಹೇಳಿದ ಮೊತ್ತ ನಮ್ಮ ಚಾವಡಿಯ ನಾಲ್ಕು ಕಂಬ, ಎರಡು ತೊಲೆಗೂ ಸಾಲುತ್ತಿರಲಿಲ್ಲ.

ಕೊನೆಗೆ ಏನಾಯಿತು?

ಮನೆಯವರು ಮತ್ತೆ ಸೇರಿದೆವು. ಈ ಸಲ ಎಲ್ಲರ ಕೈಯಲ್ಲೂ ಅಟ್ಟದ ಫೋಟೋ ಇತ್ತು. ಮುಂಭಾಗ, ಚಾವಡಿ, ನಡುಮನೆ ಉಳಿಸುವುದು. ಹಿಂಬದಿಯ ಬಚ್ಚಲುಮನೆ ಕೆಡವಿ ಮನೆಗೆ ತಾಗದಂತೆ ದೂರ ಕಟ್ಟುವುದು. ಹುಡಿಯಾದ ಮರ ಬದಲಿಸುವುದು ಅಂತ ತೀರ್ಮಾನವಾಯಿತು. ತುದಿ ಮಾತ್ರ ಕೆಟ್ಟ ಪಕ್ಕಾಸುಗಳನ್ನು ಆಚಾರ್ರು ಕತ್ತರಿಸಿ, ಒಳ್ಳೆಯ ಭಾಗವನ್ನು ಗಿಡ್ಡ ಮಾಡಿಗೆ ಬಳಸಿದರು. ಒಂದು ತುಂಡೂ ದಂಡವಾಗಲಿಲ್ಲ.

ತಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ. "ಮನೆ ಉಳಿಸೋದೇನೋ ಸರಿ, ವರ್ಷ ವರ್ಷ ನೋಡಿಕೊಳ್ಳೋದು ಯಾರು?" ಅನ್ನುತ್ತಾನೆ. ಅವನ ಮಾತಿನಲ್ಲಿ ಸತ್ಯ ಇದೆ. ಕಾಂಕ್ರೀಟ್ ಮನೆಗೆ ಬೀಗ ಹಾಕಿ ಹತ್ತು ವರ್ಷ ಬಿಟ್ಟರೆ ಹೇಗೋ ನಡೆದೀತು. ಮರದ ಮಾಡಿಗೆ ಒಂದು ಒಡೆದ ಹಂಚು, ಎರಡು ಮಳೆಗಾಲ ಸಾಕು. ಆ ಹೊಣೆ ಹೊರಲು ಯಾರೂ ಇಲ್ಲದಿದ್ದರೆ ಕೆಡವುವುದೇ ನ್ಯಾಯ ಇರಬಹುದು. ಆದರೆ ಮರದ ಲೆಕ್ಕ ತಿಳಿದು ಕೆಡವಿ, ಹೊಸ ಮನೆಯ ಬಾಗಿಲಿಗೋ ಮಾಡಿಗೋ ಬಳಸಿ.

ಊರಿಗೆ ಹೋಗುವವರಿಗೆ ನಮ್ಮದೊಂದು ವಿನಂತಿ. ಮೇ ತಿಂಗಳಲ್ಲಿ, ಮಳೆಗೆ ಮೊದಲು, ಒಂದು ಟಾರ್ಚ್, ಒಂದು ಸ್ಕ್ರೂಡ್ರೈವರ್ ಹಿಡಿದು ಹಗಲು ಹೊತ್ತು ಅಟ್ಟ ಹತ್ತಿ. ಟಾರ್ಚ್ ಆರಿಸಿ ಸುಮ್ಮನೆ ನಿಲ್ಲಿ. ಎಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೋ ಅಲ್ಲಿ ನೀರು ಬರುತ್ತದೆ. ಮತ್ತೆ ಟಾರ್ಚ್ ಹಾಕಿ ಮರದ ತುದಿಗಳನ್ನು, ಗೆದ್ದಲಿನ ಮಣ್ಣಿನ ಗೆರೆಗಳನ್ನು ಹುಡುಕಿ. ಮಾಡಿನ ನೆತ್ತಿಯ ಮರದ ಒಂದು ತುದಿಯಿಂದ ಇನ್ನೊಂದಕ್ಕೆ ದಾರ ಎಳೆದು ನಡು ತಗ್ಗಿದೆಯೇ ನೋಡಿ. ಅರ್ಧ ದಿನದ ಕೆಲಸ.

ಬಾಪ ಪ್ರತಿ ವರ್ಷ ಮಳೆಗೆ ಮೊದಲು ಹಂಚು ಕೈಯಾಡಿಸುತ್ತಿದ್ದರು. ಅವರಿಗೆ ಅದೊಂದು ಚಟ ಅಂತ ನಾವು ನಗುತ್ತಿದ್ದೆವು. ಈ ವರ್ಷ ಆ ಕೆಲಸಕ್ಕೆ ನಾವೇ ಹೋಗಿದ್ದೆವು. ಉಮ್ಮನೂ ಜೊತೆಗೆ ಬಂದಿದ್ದರು. ಚಾವಡಿಯ ಕಂಬಕ್ಕೆ ಒರಗಿ ಕೂತು, ಯಾವ ಸಾಲಿನ ಎಷ್ಟನೆಯ ಹಂಚು ಪ್ರತಿ ವರ್ಷ ಸರಿಯುತ್ತದೆ ಅಂತ ಕೆಳಗಿನಿಂದಲೇ ಹೇಳುತ್ತಿದ್ದರು.