ನಾಲ್ವರಲ್ಲಿ ಒಬ್ಬ ಹೆಗಲು ಕೊಡದಿದ್ದರೆ… ಕಾರಿನ ‘ಮಿಸ್ಸಿಂಗ್’ ಹಿಡಿಯುವುದು ಹೀಗೆ

ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್ ಸಣ್ಣಗೆ ನಡುಗುತ್ತದೆ. ಹಸಿರು ದೀಪ ಬಿದ್ದ ಮೇಲೆ ಆಕ್ಸಿಲರೇಟರ್ ಒತ್ತಿದರೆ ಗಾಡಿ ಮುಗ್ಗರಿಸಿದ ಹಾಗೆ ಜರ್ಕ್ ಹೊಡೆಯುತ್ತದೆ. ಪಿಕಪ್ ಇಲ್ಲ, ಮೈಲೇಜೂ ಇಳಿದಿದೆ. ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ಬಣ್ಣದ ಎಂಜಿನ್ ಚಿತ್ರ ಬೇರೆ. ಗ್ಯಾರೇಜಿಗೆ ಹೋದರೆ ಮೆಕ್ಯಾನಿಕ್ ಒಂದು ನಿಮಿಷ ಕಿವಿಗೊಟ್ಟು ಹೇಳುತ್ತಾರೆ: ‘ಮಿಸ್ಸಿಂಗ್ ಇದೆ ಸಾರ್.’

ಅಲ್ಲಿಂದ ಶುರುವಾಗುತ್ತದೆ ನೋಡಿ ಪಟ್ಟಿ. ಮೊದಲು ಪ್ಲಗ್, ಸರಿಹೋಗಲಿಲ್ಲವೇ? ಕಾಯಿಲ್. ಅದೂ ಅಲ್ಲವೇ? ಇಂಜೆಕ್ಟರ್. ಮಿಸ್‌ಫೈರ್ ವಿಷಯದಲ್ಲಿ ದುಡ್ಡು ಸುರಿದುಹೋಗುವುದು ರಿಪೇರಿಗಿಂತ ಹೆಚ್ಚಾಗಿ ಊಹೆಗೆ. ಪತ್ತೆ ಹಚ್ಚುವ ಕ್ರಮ ಗೊತ್ತಿದ್ದರೆ ಬಹುಪಾಲು ಉತ್ತರ ಪುಕ್ಕಟೆಯಾಗಿಯೇ ಸಿಗುತ್ತದೆ.

ಏನಿದು ಮಿಸ್‌ಫೈರ್?

ಪೆಟ್ರೋಲ್ ಎಂಜಿನ್‌ನ ಪ್ರತಿ ಸಿಲಿಂಡರಿಗೂ ಮೂರು ಬೇಕು: ಹದವಾದ ಗಾಳಿ-ಪೆಟ್ರೋಲ್ ಮಿಶ್ರಣ, ಅದನ್ನು ಒತ್ತಿ ಹಿಡಿಯುವ ಕಂಪ್ರೆಷನ್, ಸರಿಯಾದ ಹೊತ್ತಿಗೆ ಕಿಡಿ. ಇದರಲ್ಲಿ ಒಂದು ಕೈಕೊಟ್ಟರೂ ಆ ಸಿಲಿಂಡರ್‌ನಲ್ಲಿ ಬೆಂಕಿ ಹೊತ್ತುವುದಿಲ್ಲ. ನಾಲ್ವರು ಹೊತ್ತ ಪಲ್ಲಕ್ಕಿಯಲ್ಲಿ ಒಬ್ಬ ಹೆಗಲು ತೆಗೆದ ಹಾಗೆ. ಪಲ್ಲಕ್ಕಿ ಬೀಳುವುದಿಲ್ಲ, ಆದರೆ ಓಲಾಡುತ್ತದೆ. ಮೂರೇ ಸಿಲಿಂಡರಿನ ಸಣ್ಣ ಕಾರುಗಳಲ್ಲಿ ಈ ಓಲಾಟ ಇನ್ನೂ ಜೋರು.

ಎಂಜಿನ್ ಐಡಲಿಂಗ್‌ನಲ್ಲಿ ನಿಮಿಷಕ್ಕೆ 800 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರ್‌ನಲ್ಲೂ 400 ಸಲ ಕಿಡಿ ಹೊತ್ತಬೇಕು. ಒಂದು ಸಲ ತಪ್ಪಿದರೂ ಕ್ರ್ಯಾಂಕ್‌ಶಾಫ್ಟ್ ಒಂದು ಕ್ಷಣ ನಿಧಾನವಾಗುತ್ತದೆ. ಅಲ್ಲಿನ ಸೆನ್ಸರ್ ಇದನ್ನು ಹಿಡಿದು ಇಸಿಯುಗೆ ವರದಿ ಮಾಡುತ್ತದೆ. ಹಳದಿ ದೀಪ ಬರುವುದು ಹಾಗೆ.

ದೀಪ ಮಿಣುಕುತ್ತಿದ್ದರೆ ತಡಮಾಡಬೇಡಿ

ದೀಪ ಒಂದೇ ಸಮ ಉರಿಯುತ್ತಿದ್ದು ಗಾಡಿ ಸುಮಾರಾಗಿ ಓಡುತ್ತಿದ್ದರೆ, ನಿಧಾನವಾಗಿ ಹತ್ತಿರದ ಗ್ಯಾರೇಜಿಗೆ ಹೋಗಬಹುದು. ಮಿಣುಕುತ್ತಿದ್ದರೆ ಮಾತ್ರ ಆಕ್ಸಿಲರೇಟರಿನಿಂದ ಕಾಲು ತೆಗೆದು, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ‘ಹೇಗೂ ಓಡ್ತಿದೆಯಲ್ಲ, ಊರು ಮುಟ್ಟಿಬಿಡೋಣ’ ಅನ್ನುವ ಲೆಕ್ಕ ಬೇಡವೇ ಬೇಡ.

ಕಾರಣ ಇಷ್ಟೇ: ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ, ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿಯುತ್ತದೆ. ವಿಪರೀತ ಕಾವಿಗೆ ಅದರೊಳಗಿನ ಜೇನುಗೂಡಿನಂಥ ಸೆರಾಮಿಕ್ ಕರಗಿಬಿಡಬಹುದು. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ದುಬಾರಿ ಲೋಹ ಬಳಿದ ಭಾಗ ಅದು. ಕೆಲವು ನೂರು ರೂಪಾಯಿಯ ಪ್ಲಗ್‌ನಲ್ಲಿ ಮುಗಿಯಬೇಕಾದದ್ದು ಹತ್ತಾರು ಸಾವಿರಕ್ಕೆ ಏರುವುದು ಇಲ್ಲೇ. ಜತೆಗೆ ಘಾಟಿಯಲ್ಲೋ, ಹೈವೇಯಲ್ಲಿ ಲಾರಿ ಓವರ್‌ಟೇಕ್ ಮಾಡುವಾಗಲೋ ಪಿಕಪ್ ಕೈಕೊಟ್ಟರೆ ಕಾರಿನಲ್ಲಿರುವ ಮನೆಮಂದಿಯ ಗತಿಯೇನು, ಯೋಚಿಸಿ.

ಮೊದಲು ಕೋಡ್ ಓದಿ

ಸ್ಟೀರಿಂಗ್ ಕೆಳಗೆ, ಸಾಮಾನ್ಯವಾಗಿ ಡ್ರೈವರ್ ಮೊಣಕಾಲಿನ ಹತ್ತಿರ, ಒಬಿಡಿ ಪೋರ್ಟ್ ಇರುತ್ತದೆ. ಅದಕ್ಕೆ ಸಿಕ್ಕಿಸುವ ಬ್ಲೂಟೂತ್ ಸ್ಕ್ಯಾನರ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಮೊಬೈಲ್ ಆ್ಯಪ್‌ನಲ್ಲೇ ಕೋಡ್ ಓದಬಹುದು.

ಪಿ0301 ಅಂದ್ರೆ ಒಂದನೇ ಸಿಲಿಂಡರ್, ಪಿ0302 ಎರಡನೆಯದು, ಹೀಗೇ ಮುಂದಕ್ಕೆ. ಪಿ0300 ಬಂದರೆ ಒಂದಕ್ಕಿಂತ ಹೆಚ್ಚು ಸಿಲಿಂಡರ್‌ಗಳಲ್ಲಿ ಅಲ್ಲಿಷ್ಟು ಇಲ್ಲಿಷ್ಟು ತಪ್ಪುತ್ತಿದೆ ಎಂದರ್ಥ. ಆಗ ಒಂದು ಪ್ಲಗ್ ಹಿಂದೆ ಬೀಳುವ ಬದಲು ಎಲ್ಲಕ್ಕೂ ಸಂಬಂಧಿಸಿದ್ದನ್ನು ನೋಡಬೇಕು: ನೀರು ಬೆರೆತ ಪೆಟ್ರೋಲ್, ಸೊರಗಿದ ಫ್ಯುಯೆಲ್ ಪಂಪ್, ಇಂಟೇಕ್ ಪೈಪಿನ ಬಿರುಕಿನಲ್ಲಿ ಒಳನುಗ್ಗುವ ಗಾಳಿ.

ಕೋಡ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳದೆ ಅಳಿಸಬೇಡಿ. ತಪ್ಪಿದ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ವೇಗದಲ್ಲಿತ್ತು ಎಂಬ ಮಾಹಿತಿಯೂ ಅದರ ಜತೆ ಉಳಿದಿರುತ್ತದೆ. ಅಳಿಸಿದರೆ ಸಾಕ್ಷಿ ಅಳಿಸಿದಂತೆ.

ಅದಲು ಬದಲು ಪರೀಕ್ಷೆ

ಈಗಿನ ಹೆಚ್ಚಿನ ಕಾರುಗಳಲ್ಲಿ ಪ್ರತಿ ಪ್ಲಗ್ ಮೇಲೂ ಒಂದು ಕಾಯಿಲ್ ಕೂತಿರುತ್ತದೆ. ಪಿ0302 ಬಂದಿದೆ ಅಂದುಕೊಳ್ಳಿ. ಎಂಜಿನ್ ಆಫ್ ಆಗಿ ಪೂರ್ತಿ ತಣ್ಣಗಾದ ಮೇಲೆ ಎರಡನೇ ಸಿಲಿಂಡರ್‌ನ ಕಾಯಿಲನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕಿ. ಕೋಡ್ ಅಳಿಸಿ ಮತ್ತೆ ಎಂಜಿನ್ ಓಡಿಸಿ. ಈಗ ಪಿ0303 ಬಂದರೆ ಕಳ್ಳ ಸಿಕ್ಕಿಬಿದ್ದ: ತೊಂದರೆ ಕಾಯಿಲ್ ಜತೆಗೇ ಹೋಗಿದೆ. ಪಿ0302 ಹಾಗೇ ಇದ್ದರೆ ಕಾಯಿಲ್ ನಿರಪರಾಧಿ. ಮುಂದೆ ಪ್ಲಗ್, ಅದಾದ ಮೇಲೆ ಇಂಜೆಕ್ಟರ್ ಇದೇ ರೀತಿ ಅದಲು ಬದಲು. ಒಂದು ಸಲಕ್ಕೆ ಒಂದೇ ಭಾಗ.

ಹಿಂದೆ ಓಡುವ ಎಂಜಿನ್‌ನಲ್ಲೇ ಪ್ಲಗ್ ಕ್ಯಾಪ್ ಎಳೆದು ನೋಡುತ್ತಿದ್ದರು. ಈಗ ಅದು ಬೇಡ. ಕಾಯಿಲ್‌ನಲ್ಲಿ ಹುಟ್ಟುವುದು ಸಾವಿರಾರು ವೋಲ್ಟ್.

ಪ್ಲಗ್ ಹೇಳುವ ಕಥೆ

ಬಿಚ್ಚಿದ ಪ್ಲಗ್ ತುದಿ ತಿಳಿ ಕಂದು ಅಥವಾ ಬೂದು ಬಣ್ಣದ್ದಾಗಿದ್ದರೆ ಆ ಸಿಲಿಂಡರ್ ಆರೋಗ್ಯವಾಗಿದೆ. ಒಣ ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ. ತುದಿಯಲ್ಲಿ ಆಯಿಲ್ ಜಿಡ್ಡು ಇದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಮೇಲೆ ಅನುಮಾನ. ಪ್ಲಗ್ ಕೂರುವ ಗುಂಡಿಯಲ್ಲೇ ಆಯಿಲ್ ನಿಂತಿದ್ದರೆ ವಾಲ್ವ್ ಕವರ್ ಗ್ಯಾಸ್ಕೆಟ್ ಸೋರುತ್ತಿದೆ. ಅದನ್ನು ಬಿಟ್ಟು ಬರೀ ಕಾಯಿಲ್ ಬದಲಿಸಿದರೆ ಹೊಸದೂ ಹಾಳು.

ಹೊಸ ಪ್ಲಗ್ ತರುವಾಗ ಮ್ಯಾನ್ಯುವಲ್‌ನಲ್ಲಿರುವ ನಂಬರನ್ನೇ ತನ್ನಿ, ನಕಲಿ ಮಾಲಿನ ಬಗ್ಗೆ ಎಚ್ಚರವಿರಲಿ. ಬಿಗಿ ಮಾಡುವಾಗ ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಸ್ಪ್ಯಾನರ್. ಸಿಲಿಂಡರ್ ಹೆಡ್ ಅಲ್ಯುಮಿನಿಯಂ, ಮರೆ ಹಾಳಾದರೆ ದೊಡ್ಡ ಖರ್ಚು.

ಸಿಎನ್‌ಜಿ, ಮಳೆ ಮತ್ತು ಇಲಿ

ಸಿಎನ್‌ಜಿ ಕಾರಿದ್ದವರಿಗೆ ಇನ್ನೊಂದು ಸುಲಭ ದಾರಿ ಇದೆ: ಮೋಡ್ ಬದಲಿಸಿ ನೋಡಿ. ಪೆಟ್ರೋಲ್‌ನಲ್ಲಿ ಮಾತ್ರ ತಪ್ಪುತ್ತಿದ್ದರೆ ಪೆಟ್ರೋಲ್ ಇಂಜೆಕ್ಟರ್ ಕಡೆ ನೋಡಿ. ಗ್ಯಾಸ್‌ನಲ್ಲಿ ಮಾತ್ರ ಆದರೆ ಗ್ಯಾಸ್ ಇಂಜೆಕ್ಟರ್ ಜತೆಗೆ ಪ್ಲಗ್, ಕಾಯಿಲ್ ಸಹ ಪರೀಕ್ಷಿಸಿ. ಗ್ಯಾಸ್ ಹೊತ್ತಿಸಲು ಹೆಚ್ಚು ಜೋರಾದ ಕಿಡಿ ಬೇಕು, ಸವೆದ ಪ್ಲಗ್ ಮೊದಲು ಸೋಲುವುದು ಅಲ್ಲೇ.

ಎಂಜಿನ್‌ಗೆ ಪ್ರೆಷರ್ ವಾಷ್ ಮಾಡಿಸಿದ ಮರುದಿನ ಶುರುವಾಯಿತೇ? ಪ್ಲಗ್ ಗುಂಡಿಯಲ್ಲಿ ನೀರು ನಿಂತಿರಬಹುದು, ಒಣಗಿಸಿ ನೋಡಿ. ವಾರಗಟ್ಟಲೆ ನಿಲ್ಲಿಸಿದ್ದ ಗಾಡಿಯಾದರೆ ಇಲಿ ಕಡಿದ ವೈರ್ ಹುಡುಕಿ. ಬೆಟ್ಟ ಅಗೆದು ಇಲಿ ಹಿಡಿಯುವುದಕ್ಕಿಂತ ಮೊದಲೇ ಇಲಿ ಹುಡುಕುವುದು ಲಾಭ!

ಇಷ್ಟಾದರೂ ಹೋಗದಿದ್ದರೆ

ಆಗ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಒಂದು ಸಿಲಿಂಡರ್ ಮಾತ್ರ ಉಳಿದವಕ್ಕಿಂತ ತುಂಬ ಕಡಿಮೆ ತೋರಿಸಿದರೆ ಅದರೊಳಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಒತ್ತಡ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಕೂಲೆಂಟ್ ಪದೇ ಪದೇ ಕಡಿಮೆಯಾಗಿ, ಬಿಸಿ ಎಂಜಿನ್‌ನಲ್ಲೂ ಬಿಳಿ ಹೊಗೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಗಟ್ಟಿ. ಇದು ಮನೆಯಂಗಳದ ಕೆಲಸವಲ್ಲ.

ಇದನ್ನೆಲ್ಲ ನೀವೇ ಕೈಯಾರೆ ಮಾಡಬೇಕಿಲ್ಲ. ಗ್ಯಾರೇಜಿನಲ್ಲಿ ನಾಲ್ಕು ಪ್ರಶ್ನೆ ಕೇಳಿದರೆ ಸಾಕು: ಯಾವ ಕೋಡ್ ಬಂದಿದೆ? ಯಾವ ಸಿಲಿಂಡರ್? ಈ ಪಾರ್ಟೇ ಹೋಗಿದೆ ಅಂತ ಹೇಗೆ ಗೊತ್ತಾಯ್ತು? ಹಳೇ ಪಾರ್ಟ್ ನನಗೆ ಕೊಡ್ತೀರಾ? ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರಿಸಿಕೊಳ್ಳುವುದಿಲ್ಲ, ಖುಷಿಯಿಂದಲೇ ಬಿಡಿಸಿ ಹೇಳುತ್ತಾರೆ. ಅಂಥವರು ಸಿಕ್ಕರೆ ನಂಬರ್ ಸೇವ್ ಮಾಡಿಕೊಳ್ಳಿ.